ಮನೆಯಲ್ಲಿ ಯಾರಿರ್ತಾರೆ ಅಂತ ಮೊದ್ಲು ಕೇಳಿ

ಹೋದ ಸಂಚಿಕೆಲಿ ಹೋಟೆಲ್ ಬಿಟ್ಟು ಹೋಂಸ್ಟೇಲೋ ದಿನದ ಬಾಡಿಗೆ ಮನೆಲೋ ಉಳ್ಕೊಂಡಿದ್ರೆ ಅನುಭವ ಬರೀರಿ, ಡೌಟ್ ಇದ್ರೆ ಕೇಳಿ ಅಂದಿದ್ದೆ. ತುಂಬಾ ಪತ್ರ ಬಂದಿದೆ, ಎಲ್ಲಾ ಓದಿದೀನಿ. ಒಂದೇ ಥರದವನ್ನ ಸೇರಿಸಿ ಉತ್ತರ ಬರ್ದಿದೀನಿ, ನಿಮ್ಮ ಊರಿನ ಹೆಸರು ಕಾಣ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಹೋಂಸ್ಟೇ ಅಂದ್ರೂ ಏರ್‌ಬಿಎನ್‌ಬಿ ಅಂದ್ರೂ ಒಂದೇನಾ ಮೇಡಂ? ನಮ್ಮ ಆಫೀಸಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಹೇಳ್ತಾರೆ.
— ಓದುಗರು, ತುಮಕೂರು

ಒಂದೇ ಅಲ್ಲ. ಏರ್‌ಬಿಎನ್‌ಬಿ ಅನ್ನೋದು ಮನೆ ತೋರಿಸಿ ಬುಕ್ ಮಾಡಿಸೋ ಆ್ಯಪ್, ಹೋಂಸ್ಟೇ ಅನ್ನೋದು ಒಂದು ಥರದ ಮನೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಟ್ಟೋಕೆ ಒದ್ದಾಡ್ತಿದ್ದ ಇಬ್ರು ರೂಮ್‌ಮೇಟ್‌ಗಳು, ಊರಲ್ಲಿ ಡಿಸೈನ್ ಕಾನ್ಫರೆನ್ಸ್ ನಡೆದು ಹೋಟೆಲ್ ರೂಮೆಲ್ಲ ಫುಲ್ ಆಗಿದ್ದಾಗ, ತಮ್ಮ ಮನೆಲೇ ಗಾಳಿ ತುಂಬೋ ಹಾಸಿಗೆ ಹಾಕಿ ಬೆಳಿಗ್ಗೆ ತಿಂಡಿ ಕೊಟ್ಟು ದುಡ್ಡು ತಗೊಂಡ್ರು, ಮಾರನೇ ವರ್ಷ ಅದೇ ಕಂಪನಿ ಆಯ್ತು. ಅಂದ್ರೆ ಶುರುವಲ್ಲಿ ಮನೆಯವ್ರು ಮನೆಲೇ ಇದ್ರು ನೋಡಿ. ಈಗ ಅದೇ ಆ್ಯಪಲ್ಲಿ ಯಾರೂ ಇಲ್ಲದ ಫ್ಲಾಟೂ ಸಿಗತ್ತೆ, ಬಾಗ್ಲ ಪಕ್ಕದ ನಂಬರ್ ಲಾಕ್ ಇರೋ ಡಬ್ಬಿಯಿಂದ ಕೀ ತಗೊಂಡು ಒಳಗೆ ಹೋಗೋದು, ಬರೋವಾಗ ಅಲ್ಲೇ ಹಾಕಿ ಬರೋದು, ಓನರ್ ಮುಖಾನೇ ನೋಡಲ್ಲ.

ನಮ್ಮಲ್ಲಿ ಹೋಂಸ್ಟೇ ಅಂದ್ರೆ ಮನೆಯವ್ರು ಇರ್ಲೇಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೇಲೂ ಓನರ್ ಕುಟುಂಬ ಅದೇ ಮನೆಲಿ ವಾಸ ಮಾಡ್ತಿರಬೇಕು, ಬಾಡಿಗೆಗೆ ಕೊಡೋ ರೂಮು 1ರಿಂದ 6ರೊಳಗೆ ಇರ್ಬೇಕು ಅಂತಿದೆ. ಆದ್ರೆ ಬೋರ್ಡು ಹೋಂಸ್ಟೇ ಅಂತ ಇದ್ದು ಒಳಗೆ ಇಪ್ಪತ್ತು ರೂಮಿನ ರೆಸಾರ್ಟ್ ನಡೆಸೋರೂ ಇದಾರೆ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಫೋಟೋ ನೋಡೋಕೆ ಮುಂಚೆ, ರೇಟ್ ಕೇಳೋಕೆ ಮುಂಚೆ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. ಮನೆಯಲ್ಲಿ ಯಾರಿರ್ತಾರೆ? ಓನರ್ ಇರ್ತಾರಾ, ಕೇರ್‌ಟೇಕರ್ ಒಬ್ರೇನಾ, ಯಾರೂ ಇರಲ್ವಾ. ರಾತ್ರಿ ಹನ್ನೊಂದಕ್ಕೆ ನೀರು ನಿಂತ್ರೆ, ಮಗೂಗೆ ಜ್ವರ ಬಂದ್ರೆ ಯಾರನ್ನ ಎಬ್ಬಿಸ್ಬೇಕು ಅನ್ನೋದು ಈ ಒಂದು ಉತ್ತರದಲ್ಲೇ ಗೊತ್ತಾಗತ್ತೆ.

ದಸರಾಗೆ ಮೈಸೂರಿಗೆ ಹೋಗ್ಬೇಕು ಅಂತ ಇದೀವಿ. ಅತ್ತೆ ಮಾವ ಸೇರಿ ಏಳು ಜನ. ಹೋಟೆಲಲ್ಲಿ ಮೂರು ರೂಮ್ ತಗೊಳೋ ಬದ್ಲು ಒಂದು ಪೂರ್ತಿ ಮನೆ ತಗೊಂಡ್ರೆ ಚೀಪ್ ಆಗತ್ತಾ? ವಯಸ್ಸಾದೋರಿಗೆ ಕಷ್ಟ ಆಗತ್ತಾ?
— ಗೃಹಿಣಿ, ಚಿತ್ರದುರ್ಗ

ನಾವೂ ಇದನ್ನೇ ಮಾಡಿದ್ವಿ, ಅದೂ ದಸರಾಗೇ, ಅದೂ ಏಳೇ ಜನ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮನೆ ಫೋಟೋದಲ್ಲಿ ಚೆನ್ನಾಗಿತ್ತು, ಒಳಗೂ ಚೆನ್ನಾಗೇ ಇತ್ತು. ಆದ್ರೆ ಎರಡನೇ ಫ್ಲೋರ್ ಅಂತ ಎಲ್ಲೂ ಹಾಕಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಲಿಫ್ಟ್ ಇಲ್ಲ, ಹೊರಗಡೆಯಿಂದ ಕಿರಿದಾದ ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ. ನಮ್ಮತ್ತೆಗೆ ಮಂಡಿ ನೋವು, ಕಂಬಿ ಹಿಡ್ಕೊಂಡು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ನಿಂತು ಉಸಿರು ತಗೊಂಡು ಮತ್ತೆ ಹತ್ತೋದು, ನಾನು ಹಿಂದೆ ಕೈ ಚಾಚ್ಕೊಂಡು ಹತ್ತೋದು, ಹೀಗೆ ಮೇಲೆ ಬಂದಮೇಲೆ ಅವ್ರು ಇನ್ನು ಮೂರು ದಿನ ನಾನು ಕೆಳಗೆ ಇಳಿಯಲ್ಲಮ್ಮ ಅಂದ್ಬಿಟ್ರು. ಜಂಬೂ ಸವಾರಿ ನೋಡೋಕೆ ಅಂತ ಅಷ್ಟು ದೂರ ಕರ್ಕೊಂಡ್ಹೋಗಿ ಕೊನೆಗೆ ಟೀವೀಲಿ ನೋಡಿಸಿದ್ವಿ. ನನಗೆ ಈಗ್ಲೂ ಅದು ಹೊಟ್ಟೆ ಉರಿ.

ಆದ್ರೂ ಮನೆ ತಗೋಬೇಡಿ ಅಂತ ನಾನು ಹೇಳಲ್ಲ. ಯಾಕಂದ್ರೆ ಅದೇ ರಾತ್ರಿ ಅತ್ತೆ ಅಡುಗೆಮನೇಲಿ ನಿಂತು ಅನ್ನ, ತಿಳಿಸಾರು ಮಾಡಿ ಹಪ್ಪಳ ಸುಟ್ರು, ಎಲ್ರೂ ಹಾಲಲ್ಲಿ ಚಾಪೆ ಹಾಕ್ಕೊಂಡು ಕೂತು ಊಟ ಮಾಡಿದ್ವಿ. ಮಾವನವ್ರು ಅವ್ರ ಚಿಕ್ಕಂದಿನ ದಸರಾ ಕಥೆ ಶುರು ಮಾಡಿದ್ರು, ಮಕ್ಕಳು ಫೋನ್ ಬಿಟ್ಟು ಕೇಳ್ತಾ ಕೂತಿದ್ರು, ಟೈಮ್ ನೋಡಿದ್ರೆ ಹನ್ನೆರಡೂವರೆ. ಹೋಟೆಲಿನ ಮೂರು ರೂಮಲ್ಲಿ ಮೂರು ಬಾಗ್ಲು ಹಾಕ್ಕೊಂಡಿದ್ರೆ ಇದು ಆಗ್ತಾನೇ ಇರ್ಲಿಲ್ಲ. ಮನೆ ತಗೊಳೋದಕ್ಕೆ ನಿಜವಾದ ಕಾರಣ ಇದೇ, ದುಡ್ಡಲ್ಲ.

ದುಡ್ಡಿನ ವಿಷ್ಯಕ್ಕೆ ಬಂದ್ರೆ ಏಳು ಜನಕ್ಕೆ ಸಾಮಾನ್ಯವಾಗಿ ಮನೇನೇ ಚೀಪ್, ಇಬ್ರಿಗಾದ್ರೆ ಅಲ್ಲ. ಆದ್ರೆ ಆ್ಯಪಲ್ಲಿ ಮೊದ್ಲು ಕಾಣೋ ರೇಟ್ ನಂಬ್ಕೋಬೇಡಿ, ಕ್ಲೀನಿಂಗ್ ಫೀಸು, ಸರ್ವೀಸ್ ಫೀಸು, ಟ್ಯಾಕ್ಸು ಎಲ್ಲಾ ಸೇರಿದ ಮೇಲೆ ಕೊನೇಲಿ ಬರೋ ಮೊತ್ತವನ್ನ ಎಷ್ಟು ರಾತ್ರಿನೋ ಅಷ್ಟಕ್ಕೆ ಭಾಗ ಮಾಡಿ ಆಮೇಲೆ ಹೋಟೆಲ್ ಜೊತೆ ಹೋಲಿಸಿ. ಒಂದೇ ರಾತ್ರಿಗಾದ್ರೆ ಕ್ಲೀನಿಂಗ್ ಫೀಸೇ ಭಾರ ಆಗತ್ತೆ. ದಸರಾ ಟೈಮಲ್ಲಿ ಹೋಟೆಲ್ ಆದ್ರೂ ಮನೆ ಆದ್ರೂ ರೇಟ್ ಏರಿರತ್ತೆ, ಬೇಗ ಬುಕ್ ಮಾಡಿದಷ್ಟೂ ಒಳ್ಳೇದು.

ಅತ್ತೆ ಮಾವ ಇದಾರೆ ಅಂದ್ರೆ ಎಷ್ಟು ಮೆಟ್ಟಿಲು, ಬಾತ್‌ರೂಮ್ ವೆಸ್ಟರ್ನಾ ಇಂಡಿಯನ್ನಾ, ಬಾತ್‌ರೂಮ್ ನೆಲ ಜಾರತ್ತಾ, ಮಂಚ ಎಷ್ಟಿದೆ, ಉಳಿದೋರಿಗೆ ಬರೀ ನೆಲದ ಮೇಲೆ ಹಾಸಿಗೇನಾ ಅಂತ ಒಂದೊಂದೂ ಕೇಳಿ. ಜಂಬೂ ಸವಾರಿ ದಿನ ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು 5 ಕಿಲೋಮೀಟರ್ ಮೆರವಣಿಗೆ ಹೋಗತ್ತೆ, ಆ ಸುತ್ತಮುತ್ತ ಗಾಡಿ ಬಿಡಲ್ಲ, ಹಾಗಾಗಿ ಮನೆ ಆ ರಸ್ತೆಗಳಿಗೆ ಯಾವ ಕಡೆ ಇದೆ ಅಂತ್ಲೂ ಮ್ಯಾಪಲ್ಲಿ ನೋಡ್ಕೊಳಿ. ಇನ್ನು ಅಡುಗೆಮನೆ ಇದೆ ಅಂದ್ರೆ ಪಾತ್ರೆ ಇದೆ ಅಂತಲ್ಲ. ನಾವು ಉಳ್ಕೊಂಡ ಮನೇಲಿ ಇದ್ದ ಚಾಕು ಟೊಮೆಟೊನೂ ಕೊಯ್ತಿರ್ಲಿಲ್ಲ, ಇಕ್ಕಳ ಇರ್ಲಿಲ್ಲ, ಸೀರೆ ಸೆರಗಲ್ಲಿ ಪಾತ್ರೆ ಇಳಿಸಿದ್ದು. ಈಗ ನಾನು ಒಂದು ಬ್ಯಾಗು ಬೇರೇನೇ ಇಟ್ಟಿದೀನಿ. ಚಿಕ್ಕ ಕುಕ್ಕರ್, ಚಾಕು, ಇಕ್ಕಳ, ಲೈಟರ್, ಸಾರಿನ ಪುಡಿ, ಕಾಫಿ ಫಿಲ್ಟರ್ ಎಲ್ಲಾ ಅದ್ರಲ್ಲೇ ಇರತ್ತೆ.

ನಮಸ್ಕಾರ್ರೀ ಅಕ್ಕಾರ. ನಾವು ಹನ್ನೊಂದು ಮಂದಿ ಗೆಳ್ಯಾರು ದಾಂಡೇಲಿಗೆ ಹೊಂಟೇವಿ. ಇನ್‌ಸ್ಟಾದಾಗ ಒಂದು ಹೋಂಸ್ಟೇ ನೋಡೇವಿ, ಹೊಳಿ ದಂಡಿ ಮ್ಯಾಲೆ ಐತಿ, ರೇಟೂ ಕಡಿಮಿ ಐತ್ರಿ. ಆದ್ರ ಪೂರಾ ರೊಕ್ಕ ಮೊದ್ಲ ಫೋನ್‌ಪೇ ಮಾಡ್ರಿ ಅಂತಾರ. ಮಾಡ್ಲೇನ್ರಿ?
— ಓದುಗರು, ಧಾರವಾಡ

ಮಾಡ್ಬೇಡ್ರಿ ತಮ್ಮ. ಪೂರ್ತಿ ದುಡ್ಡು ಮೊದ್ಲೇ ಕೇಳೋದು, ಈಗ್ಲೇ ಹಾಕಿಲ್ಲ ಅಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀವಿ ಅಂತ ಅವಸರ ಮಾಡೋದು, ರೇಟ್ ಅಕ್ಕಪಕ್ಕದೋರಿಗಿಂತ ತೀರಾ ಕಮ್ಮಿ ಇರೋದು, ಈ ಮೂರೂ ಒಟ್ಟಿಗೆ ಬಂದ್ರೆ ದೂರ ಇರಿ. ಬೇರೆ ಯಾರದೋ ರೆಸಾರ್ಟ್ ಫೋಟೋ ಕದ್ದು ಪೇಜ್ ಮಾಡಿ ದುಡ್ಡು ಹೊಡಿಯೋದು ಈಗ ಒಂದು ದಂಧೆನೇ ಆಗಿದೆ. ಕಾಳಿ ಹೊಳೆ ದಂಡೆ ಫೋಟೋ ಹಾಕೋಕೆ ಹೊಳೆ ಹತ್ರ ಮನೆ ಇರ್ಲೇಬೇಕು ಅಂತೇನಿಲ್ವಲ್ಲ.

ವಿಡಿಯೋ ಕಾಲ್ ಮಾಡಿ, ಗೇಟಿನಿಂದ ಶುರು ಮಾಡಿ ರೂಮಿನ ತನಕ ನಡ್ಕೊಂಡು ತೋರಿಸಿ ಅನ್ನಿ. ನಿಜವಾದ ಹೋಂಸ್ಟೇಯೋರು ತೋರಿಸ್ತಾರೆ, ಕೆಲ್ಸ ಇದ್ರೆ ಸಂಜೆ ಮಾಡ್ತೀನಿ ಅಂತಾರೆ. ಮೋಸಗಾರ ಏನಾದ್ರೂ ನೆಪ ಹೇಳ್ತಾನೆ. ಗೂಗಲ್ ಮ್ಯಾಪಲ್ಲಿ ಆ ಹೆಸರು ಹುಡುಕಿ, ಓನರ್ ಹಾಕಿದ್ದಲ್ಲ, ಬಂದು ಹೋದ ಜನ ಹಾಕಿದ ಫೋಟೋ ನೋಡಿ, ಅಲ್ಲಿರೋ ನಂಬರಿಗೂ ನಿಮಗೆ ಸಿಕ್ಕ ನಂಬರಿಗೂ ಹೋಲಿಸಿ. ಪ್ರವಾಸೋದ್ಯಮ ಇಲಾಖೆಲಿ ರಿಜಿಸ್ಟರ್ ಆಗಿದ್ಯಾ ಅಂತ ಕೇಳಿ. ಅಡ್ವಾನ್ಸ್ ಅಂತ ಸ್ವಲ್ಪ ಕೊಡೋದು ನ್ಯಾಯ, ಹನ್ನೊಂದು ಜನಕ್ಕೆ ಸಾಮಾನು ತರ್ಬೇಕಲ್ಲ ಅವ್ರೂ, ಉಳಿದಿದ್ದು ಅಲ್ಲಿ ಹೋಗಿ ರೂಮ್ ನೋಡಿದ ಮೇಲೆ. ಈಗಾಗ್ಲೇ ದುಡ್ಡು ಹೋಗಿದ್ರೆ ನಾಳೆ ನೋಡೋಣ ಅನ್ಬೇಡಿ, ತಕ್ಷಣ 1930ಗೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ ಆ ದುಡ್ಡು ಖಾತೆಲೇ ತಡೆಯೋ ಚಾನ್ಸ್ ಅಷ್ಟು ಜಾಸ್ತಿ.

ಹೋಂಸ್ಟೇಲಿ ಎಲ್ರ ಆಧಾರ್ ಕಾಪಿ ಕೇಳ್ತಾರೆ. ಕೊಡ್ಲೇಬೇಕಾ?
— ವಿದ್ಯಾರ್ಥಿನಿ, ಹಾಸನ

ಯಾರು ಬಂದ್ರು ಅಂತ ಅವ್ರು ದಾಖಲೆ ಇಟ್ಕೋಬೇಕು, ಗುರುತಿನ ಚೀಟಿ ಕೇಳೋದು ತಪ್ಪಲ್ಲ. ಆದ್ರೆ ಆಧಾರೇ ಆಗ್ಬೇಕು ಅಂತಿಲ್ಲ, ಡಿಎಲ್ ಅಥವಾ ವೋಟರ್ ಐಡಿ ತೋರಿಸ್ಬಹುದಾ ಕೇಳಿ. ಆಧಾರೇ ಕೊಡ್ಬೇಕಾದ್ರೆ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ, ಅದ್ರಲ್ಲಿ ಮೊದಲ 8 ಅಂಕಿ ಮುಚ್ಚಿ ಕೊನೇ 4 ಅಂಕಿ ಮಾತ್ರ ಕಾಣತ್ತೆ. ನಿಮ್ಮ ಜೊತೆ ವಿದೇಶಿ ಫ್ರೆಂಡ್ಸ್ ಇದ್ರೆ ಮೊದ್ಲೇ ಹೇಳಿ, ಅವ್ರು ಬಂದ 24 ಗಂಟೆಯೊಳಗೆ ಓನರ್ ಆನ್‌ಲೈನಲ್ಲಿ ಅವ್ರ ಮಾಹಿತಿ ಹಾಕ್ಬೇಕು, ಅದು ಗೊತ್ತಿಲ್ದೆ ರಾತ್ರಿ ಬಾಗ್ಲಲ್ಲೇ ನಿಲ್ಲಿಸಿ ವಾಪಸ್ ಕಳ್ಸಿದ್ದೂ ಇದೆ.

ಮಗಳು ಫ್ರೆಂಡ್ಸ್ ಜೊತೆ ಗೋವಾಗೆ ಹೋಗ್ತಿದಾಳೆ, ವಿಲ್ಲಾ ಬುಕ್ ಮಾಡಿದಾರೆ. ಹಿಡನ್ ಕ್ಯಾಮೆರಾ ಸುದ್ದಿ ಓದಿ ಓದಿ ನನಗೆ ನಿದ್ದೆ ಬರ್ತಿಲ್ಲ.
— ತಾಯಿ, ಶಿವಮೊಗ್ಗ

ನಿಮ್ಮ ಭಯ ಸುಳ್ಳಲ್ಲ, ಆದ್ರೆ ಅದಕ್ಕೋಸ್ಕರ ಮಗಳನ್ನ ತಡೀಬೇಡಿ. ಏರ್‌ಬಿಎನ್‌ಬಿ ಲಿಸ್ಟಿಂಗ್ ಆದ್ರೆ ಮನೆ ಒಳಗೆ ಕ್ಯಾಮೆರಾ ಇಡೋ ಹಾಗೇ ಇಲ್ಲ, 2024ರ ಏಪ್ರಿಲ್ 30ರಿಂದ ಪ್ರಪಂಚದಲ್ಲಿ ಎಲ್ಲಾ ಕಡೆ ನಿಷೇಧ ಮಾಡಿದಾರೆ, ಹೊರಗಡೆ ಇದ್ರೂ ಮೊದ್ಲೇ ತಿಳಿಸ್ಬೇಕು. ಹೆಣ್ಮಕ್ಕಳ ಖಾಸಗಿ ದೃಶ್ಯ ಕದ್ದು ನೋಡೋದು, ತೆಗೆಯೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಲ್ಲಿ ಅಪರಾಧ.

ಮಗಳಿಗೆ ಹೇಳಿ, ಒಳಗೆ ಹೋದ ತಕ್ಷಣ ಬ್ಯಾಗ್ ಬಿಚ್ಚೋಕೆ ಮುಂಚೆ ಹತ್ತು ನಿಮಿಷ ರೂಮ್ ನೋಡ್ಲಿ. ಮಂಚಕ್ಕೆ, ಬಾತ್‌ರೂಮಿಗೆ ಮುಖ ಮಾಡಿರೋ ವಸ್ತು ಯಾವ್ದು? ಸ್ಮೋಕ್ ಡಿಟೆಕ್ಟರ್, ಗಡಿಯಾರ, ಚಾರ್ಜರ್ ಥರ ಇರೋದು, ಗೋಡೇಲಿ ಕಾರಣವಿಲ್ದೆ ಇರೋ ತೂತು. ಲೈಟ್ ಆರಿಸಿ ಫೋನಿನ ಟಾರ್ಚ್ ಬಿಟ್ಟು ನಿಧಾನಕ್ಕೆ ಸುತ್ತ ತಿರುಗಿಸಿದ್ರೆ ಲೆನ್ಸ್ ಇರೋ ಕಡೆ ಸಣ್ಣ ಚುಕ್ಕಿ ಮಿಣುಕತ್ತೆ. ಇದ್ರಲ್ಲಿ ಎಲ್ಲಾನೂ ಸಿಕ್ಬಿಡತ್ತೆ ಅಂತ ಅಲ್ಲ, ಅನುಮಾನ ಬಂದಿದ್ರ ಮೇಲೆ ಟವೆಲ್ ಹಾಕಿ ಅಥವಾ ಪ್ಲಗ್ ತೆಗೀರಿ. ಕ್ಯಾಮೆರಾ ಸಿಕ್ಕೇ ಸಿಕ್ತು ಅಂದ್ರೆ ಅದನ್ನ ಬಿಚ್ಚೋಕೆ ಹೋಗ್ಬಾರ್ದು, ಇದ್ದ ಹಾಗೇ ಫೋಟೋ ವಿಡಿಯೋ ತಗೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡ್ಬೇಕು, ಓನರಿಗಲ್ಲ. ಮೊದ್ಲು ಪೊಲೀಸಿಗೆ.

ಚಳಿಗಾಲದಲ್ಲಿ ಬೆಟ್ಟದ ಮೇಲಿನ ಒಂದು ಹೋಂಸ್ಟೇಗೆ ಹೋಗಿದ್ವಿ. ಹೆಂಡ್ತಿ ಸ್ನಾನಕ್ಕೆ ಹೋದವಳು ತಲೆ ಸುತ್ತಿ ಬಿದ್ಲು. ಗೀಸರ್ ಗ್ಯಾಸಿಂದ ಅಂತ ಅಲ್ಲಿ ಯಾರೋ ಅಂದ್ರು. ಅದು ನಿಜಾನಾ?
— ಓದುಗರು, ಬೆಂಗಳೂರು

ನಿಜ. ದಯವಿಟ್ಟು ಎಲ್ರೂ ಇದನ್ನ ಓದಿ, ಬೇರೆ ಯಾವ ಉತ್ರ ಬಿಟ್ರೂ ಪರವಾಗಿಲ್ಲ.

ಕರೆಂಟ್ ಸರಿಯಾಗಿ ಇರದ ಕಡೆ ಸಿಲಿಂಡರ್ ಹಾಕಿದ ಗ್ಯಾಸ್ ಗೀಸರ್ ಇಡ್ತಾರೆ. ಅದು ಉರಿಯೋಕೆ ಗಾಳಿ ಬೇಕು. ಪುಟ್ಟ ಬಾತ್‌ರೂಮಲ್ಲಿ ಚಳಿ ಅಂತ ಬಾಗ್ಲು ಕಿಟಕಿ ಎಲ್ಲಾ ಮುಚ್ಚಿ ಗೀಸರ್ ಹಾಕಿದ್ರೆ ಗಾಳಿ ಸಾಲ್ದೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಬರತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸ್ನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟ್ಕೊಳತ್ತೆ. ಮೊದ್ಲು ತಲೆನೋವು, ಆಮೇಲೆ ತಲೆ ಸುತ್ತು, ವಾಂತಿ ಬಂದ ಹಾಗೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ, ಏನೋ ಆಗ್ತಿದೆ ಅಂತ ಗೊತ್ತಾಗೋ ಹೊತ್ತಿಗೆ ಚಿಲಕ ತೆಗಿಯೋಕೂ ಆಗಲ್ಲ. ನಿಮ್ಮ ಮನೆಯವ್ರು ಬಿದ್ದ ಸದ್ದು ಯಾರಿಗೋ ಕೇಳಿಸ್ತು, ನೀವು ಅಲ್ಲೇ ಇದ್ರಿ. ಇಂಥದ್ರಲ್ಲಿ ಜೀವ ಹೋದೋರಿದಾರೆ.

ರೂಮಿಗೆ ಹೋದ ಕೂಡ್ಲೇ ಗೀಸರ್ ನೋಡಿ. ಗ್ಯಾಸಿಂದಾದ್ರೆ ಬಾತ್‌ರೂಮ್ ಒಳಗಿದ್ಯಾ ಹೊರಗಿದ್ಯಾ? ಒಳಗಿದ್ರೆ ನಾನಂತೂ ಬೇರೆ ರೂಮ್ ಕೇಳ್ತೀನಿ. ಬೇರೆ ದಾರಿ ಇಲ್ಲ ಅಂದ್ರೆ ಬಾಗ್ಲು ತೆಗೆದಿಟ್ಟು ಬಕೆಟ್ ತುಂಬಿಸ್ಕೊಳಿ, ಗೀಸರ್ ಆಫ್ ಮಾಡಿ, ಸ್ವಲ್ಪ ಹೊತ್ತು ಗಾಳಿ ಆಡ್ಲಿ, ಆಮೇಲೆ ಸ್ನಾನ. ಒಬ್ರಾದ ಮೇಲೆ ಒಬ್ರು ಸಾಲಾಗಿ ಹೋಗ್ಬೇಡಿ. ಒಳಗೆ ಹೋದೋರನ್ನ ಮಾತಾಡಿಸ್ತಾ ಇರಿ. ರೂಮಿನೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಕೊಂಡು ಮಲಗೋದೂ ಇಷ್ಟೇ ಅಪಾಯ. ಯಾರಾದ್ರೂ ಬಿದ್ರೆ ಮೊದ್ಲು ಹೊರಗಿನ ಗಾಳಿಗೆ ಎಳ್ಕೊಂಡು ಬನ್ನಿ, ಆಮೇಲೆ ಆಸ್ಪತ್ರೆಗೆ. ಈಗ ಸರಿ ಹೋಯ್ತು ಅಂದ್ರೂ ಡಾಕ್ಟ್ರಿಗೆ ತೋರಿಸಿ, ನಿಮ್ಮ ಮನೆಯವ್ರನ್ನ ತೋರಿಸಿಲ್ಲ ಅಂದ್ರೆ ಈಗ್ಲೂ ಕರ್ಕೊಂಡ್ಹೋಗಿ. ಹಾಗೇ ಆ ಹೋಂಸ್ಟೇಯೋರಿಗೆ ಫೋನ್ ಮಾಡಿ ಗೀಸರ್ ಹೊರಗಡೆ ಹಾಕ್ಸಿ ಅಂತ ಹೇಳಿ.

ನಾವು ಸಕಲೇಶಪುರದ ಹತ್ರ ತೋಟದ ಮನೇಲಿ ಹೋಂಸ್ಟೇ ಮಾಡ್ಕೊಂಡಿದೀವಿ. ಬರೋರಲ್ಲಿ ಎಷ್ಟೋ ಜನ ಒಳ್ಳೆಯವ್ರು. ಕೆಲವ್ರು ಮಾತ್ರ ರಾತ್ರಿ ಒಂದು ಗಂಟೆಗೆ ಸ್ಪೀಕರ್ ಹಾಕ್ತಾರೆ, ಬೆಳಗಿನ ಜಾವ ಎಬ್ಬಿಸಿ ಆಮ್ಲೆಟ್ ಕೇಳ್ತಾರೆ. ಹೇಳಿದ್ರೆ ದುಡ್ಡು ಕೊಟ್ಟಿಲ್ವಾ ಅಂತಾರೆ. ನೀವಾದ್ರೂ ಒಂದು ಮಾತು ಬರೀರಿ.
— ಹೋಂಸ್ಟೇ ನಡೆಸುವ ಮಹಿಳೆ, ಹಾಸನ ಜಿಲ್ಲೆ

ಬರೀತೀನಮ್ಮ. ನಾನು ನಿಮ್ಮ ಕಡೆ ತೋಟದ ಮನೆಗಳಲ್ಲಿ ತುಂಬಾ ಸಲ ಉಳ್ಕೊಂಡಿದೀನಿ. ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ನೀರು ಕಾಯಿಸೋರು ಆ ಮನೆಯಮ್ಮನೇ, ಕಡುಬಿಗೆ ಹಿಟ್ಟು ಬೇಯಿಸೋರು ಅವ್ರೇ, ನಮ್ಮ ಪ್ಲೇಟು ತೊಳಿಯೋರೂ ಬಹಳ ಸಲ ಅವ್ರೇ. ಒಂದು ಸಲ ನಾನು ಬೇಗ ಎದ್ದು ಹೋದಾಗ ಒಬ್ರು ಊದುಕೊಳವೆ ಹಿಡ್ಕೊಂಡು ಹಸಿ ಸೌದೆ ಊದ್ತಾ ಕೂತಿದ್ರು, ಹೊಗೆಗೆ ಕಣ್ಣೆಲ್ಲ ಕೆಂಪಗಾಗಿತ್ತು, ನನ್ನ ನೋಡಿ ಅಯ್ಯೋ ಇಷ್ಟು ಬೇಗ ಎದ್ರಾ, ಕಾಫಿ ಇಡ್ಲಾ ಅಂದ್ರು. ನಾವು ಕೊಡೋ ದುಡ್ಡಲ್ಲಿ ರೂಮು ಊಟ ಬರತ್ತೆ, ಆ ಮನೆಯೋರ ನಿದ್ದೆ ಬರಲ್ಲ. ಇದನ್ನ ನಾನು ಸಿಟ್ಟಿಂದಾನೇ ಬರೀತಿದೀನಿ.

ಸ್ಪೀಕರ್ ವಿಷ್ಯದಲ್ಲಿ ಬರೀ ನಿದ್ದೆ ಪ್ರಶ್ನೆ ಅಲ್ಲ. ಸಕಲೇಶಪುರ, ಆಲೂರು ಕಡೆ, ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದೊಳಗೇ ಆನೆ ಓಡಾಡ್ತವೆ, ತೋಟದ ಕೆಲಸಕ್ಕೆ ಹೋದ ಎಷ್ಟೋ ಜನ ಆನೆ ದಾಳಿಗೆ ಸಿಕ್ಕಿ ಸತ್ತಿದಾರೆ. ಮನೆಯೋರು ಕತ್ತಲಾದ ಮೇಲೆ ಗೇಟ್ ದಾಟ್ಬೇಡಿ, ಗಲಾಟೆ ಮಾಡ್ಬೇಡಿ ಅಂದ್ರೆ ಅದು ರೂಲ್ಸ್ ಹಾಕೋ ಚಪಲ ಅಲ್ಲ, ಅವ್ರು ನೋಡಿದ್ದನ್ನ ಹೇಳ್ತಿರ್ತಾರೆ. ಮಳೆಗಾಲ ಆದ್ರೆ ಇಂಬಳದ, ಅಂದ್ರೆ ರಕ್ತ ಹೀರೋ ಜಿಗಣೆ ಬಗ್ಗೆ ಅವ್ರನ್ನೇ ಕೇಳಿ, ಉಪ್ಪೋ ಸುಣ್ಣವೋ ಹೊಗೆಸೊಪ್ಪೋ ಕೊಟ್ಟು ಕಳಿಸ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಆ ವಾಸ್ನೆಗೇ ಒಂದು ಸಲ ಹೋಗ್ಬೇಕು, ಆದ್ರೆ ಹೂ ಕೀಳ್ಬೇಡಿ, ಅದು ಅವ್ರ ಆ ವರ್ಷದ ಫಸಲು.

ನಿಮಗೊಂದು ಸಲಹೆ. ಊಟದ ಟೈಮು, ಮ್ಯೂಸಿಕ್ ಎಷ್ಟು ಗಂಟೆ ತನಕ, ಡ್ರಿಂಕ್ಸ್ ಇದ್ಯಾ ಇಲ್ವಾ, ಇದನ್ನೆಲ್ಲ ಅಡ್ವಾನ್ಸ್ ತಗೊಳೋಕೆ ಮುಂಚೇನೇ ವಾಟ್ಸಾಪಲ್ಲಿ ಕಳ್ಸಿ, ಸರಿ ಅಂತ ಉತ್ತರ ಬಂದ್ಮೇಲೆ ಬುಕಿಂಗ್ ಮಾಡಿ. ಬಂದ್ಮೇಲೆ ಹೇಳಿದ್ರೆ ಜಗಳ ಆಗತ್ತೆ, ಮೊದ್ಲೇ ಹೇಳಿದ್ರೆ ಒಪ್ಪದೋರು ಬರೋದೇ ಇಲ್ಲ.

ನಾನು ನ್ಯೂಜೆರ್ಸಿಲಿ ಇದೀನಿ. ಅಪ್ಪ ಅಮ್ಮ ಅಕ್ಕ ಮೈಸೂರಿಂದ ಬರ್ತಿದಾರೆ. ನ್ಯೂಯಾರ್ಕ್ ಸಿಟಿಲಿ ನಾಲ್ಕು ದಿನ ಇಡೀ ಅಪಾರ್ಟ್‌ಮೆಂಟ್ ಸಿಗತ್ತಾ? ಅಪ್ಪಂಗೆ ಹೊರಗಿನ ಊಟ ಆಗಲ್ಲ.
— ಓದುಗರು, ಅಮೆರಿಕ

ಇಡೀ ಅಪಾರ್ಟ್‌ಮೆಂಟ್ ಕಷ್ಟ. 2023ರ ಸೆಪ್ಟೆಂಬರಿಂದ ಅಲ್ಲಿ ಲೋಕಲ್ ಲಾ 18 ಅನ್ನೋ ಕಾನೂನು ಜಾರಿ ಆಗಿದೆ. 30 ದಿನಕ್ಕಿಂತ ಕಮ್ಮಿ ಬಾಡಿಗೆಗೆ ಕೊಡೋರು ಸಿಟಿಲಿ ರಿಜಿಸ್ಟರ್ ಮಾಡಿಸ್ಬೇಕು, ಮನೆಲೇ ಇರ್ಬೇಕು, ಇಬ್ಬರಿಗಿಂತ ಜಾಸ್ತಿ ಅತಿಥಿಗಳನ್ನ ಇಟ್ಕೊಳೋ ಹಾಗಿಲ್ಲ. ನೀವು ಸೇರಿ ನಾಲ್ಕು ಜನ. ಹಾಗಾಗಿ ಅಡುಗೆಮನೆ ಇರೋ ಎಕ್ಸ್‌ಟೆಂಡೆಡ್ ಸ್ಟೇ ಹೋಟೆಲ್ ನೋಡಿ, ಇಲ್ಲಾ ನಿಮ್ಮನೆಯಿಂದ್ಲೇ ಟ್ರೈನಲ್ಲಿ ಹೋಗಿ ಬನ್ನಿ, ಮೊಸರನ್ನದ ಡಬ್ಬಿ ಜೊತೆಗಿರ್ಲಿ. ಊರೋರಿಗೇ ಬಾಡಿಗೆ ಮನೆ ಸಿಗ್ತಿಲ್ಲ ಅನ್ನೋ ಕಾರಣಕ್ಕೆ ಇಂಥ ಕಾನೂನು ಬೇರೆ ಕಡೆನೂ ಬರ್ತಿದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 2028ರೊಳಗೆ ಪ್ರವಾಸಿ ಅಪಾರ್ಟ್‌ಮೆಂಟ್ ಪೂರ್ತಿ ನಿಲ್ಲಿಸ್ತೀವಿ ಅಂತ ಹೇಳಿದಾರೆ, ಜಪಾನಲ್ಲಿ 2018ರಿಂದ ವರ್ಷಕ್ಕೆ 180 ದಿನಕ್ಕಿಂತ ಜಾಸ್ತಿ ಮನೇನ ಹೀಗೆ ದಿನದ ಬಾಡಿಗೆಗೆ ಕೊಡೋ ಹಾಗಿಲ್ಲ. ಫಾರಿನ್ನಿಗೆ ಹೋಗೋರು ಟಿಕೆಟ್ ಮಾಡೋಕೆ ಮುಂಚೆ ಆ ಊರಿನ ರೂಲ್ ಒಮ್ಮೆ ನೋಡಿ.

ಹೋಟೆಲ್ಲೇ ಬೇಡ ಅಂತೀರಾ ಹಾಗಾದ್ರೆ?
— ಓದುಗರು, ಮಂಗಳೂರು

ಇಲ್ಲಪ್ಪ. ರಾತ್ರಿ ತಡವಾಗಿ ಇಳಿಯೋದಾದ್ರೆ, ಒಂದೇ ರಾತ್ರಿ ಆದ್ರೆ, ಆಸ್ಪತ್ರೆ ಕೆಲ್ಸಕ್ಕೋ ಪರೀಕ್ಷೆಗೋ ಹೋಗೋದಾದ್ರೆ ಹೋಟೆಲ್ಲೇ ಸರಿ. ಕೌಂಟರಲ್ಲಿ ಒಬ್ರು ಎಚ್ಚರ ಇರ್ತಾರೆ ಅನ್ನೋದೇ ಅಂಥ ಹೊತ್ತಲ್ಲಿ ದೊಡ್ಡದು.

ಆಗುಂಬೆ ಕಡೆ ಒಂದು ಹಳೇ ಮನೇಲಿ ಉಳ್ಕೊಂಡಿದ್ವಿ. ರಾತ್ರಿ ಮಳೆಗೆ ನಮ್ಮ ರೂಮ್ ಸೋರಿ ಹಾಸಿಗೆ ಒದ್ದೆ ಆಯ್ತು. ಆದ್ರೆ ಆ ಮನೆ ಅಜ್ಜಿ ತಾವೇ ಎದ್ದು ಬಂದು ತಮ್ಮ ರೂಮ್ ಬಿಟ್ಕೊಟ್ರು, ಕಷಾಯ ಮಾಡಿ ಕೊಟ್ರು. ಈಗ ರಿವ್ಯೂ ಬರೀರಿ ಅಂತ ಮೆಸೇಜ್ ಬಂದಿದೆ. ನಿಜ ಬರೆದ್ರೆ ಅಜ್ಜಿಗೆ ನಷ್ಟ ಆಗತ್ತೆ, ಬರೀದಿದ್ರೆ ಮುಂದೆ ಹೋಗೋರಿಗೆ ಮೋಸ.
— ಓದುಗರು, ಉಡುಪಿ

ಎರಡನ್ನೂ ಬರೀರಿ. ಅದಕ್ಕೂ ಮುಂಚೆ ಅಜ್ಜಿಗೋ ಅವ್ರ ಮಗನಿಗೋ ಫೋನ್ ಮಾಡಿ ಹೆಂಚು ಯಾವ ಮೂಲೇಲಿ ಸರಿದಿದೆ, ನೀರು ಎಲ್ಲಿಂದ ಬಂತು ಅಂತ ಹೇಳಿ, ಮಳೆಗಾಲ ಮುಗಿಯೋ ತನಕ ಕಾಯದೇನೇ ಹೆಂಚು ಕೈಯಾಡಿಸ್ಬಹುದು. ಚೆನ್ನಾಗಿತ್ತು ಅಂತಾಗ್ಲಿ, ಸೋರತ್ತೆ ಅಂತಾಗ್ಲಿ ಒಂದೇ ಪದ ಬರೆದ್ರೆ ಯಾರಿಗೂ ಉಪಯೋಗ ಇಲ್ಲ. ನಾನಾಗಿದ್ರೆ ಹೀಗೆ ಬರೀತಿದ್ದೆ: ಜುಲೈನಲ್ಲಿ ಹೋಗಿದ್ವಿ, ಹಿಂದುಗಡೆ ಮೂಲೆ ರೂಮ್ ಜೋರು ಮಳೆಗೆ ಸೋರತ್ತೆ, ಮಳೆಗಾಲದಲ್ಲಿ ಹೋಗೋರು ಜಗಲಿ ಪಕ್ಕದ ರೂಮ್ ಕೇಳಿ ತಗೊಳಿ, ನಡುರಾತ್ರಿ ಎರಡು ಗಂಟೆಗೆ ಅಜ್ಜಿ ಎದ್ದು ಬಂದು ತಮ್ಮ ಹಾಸಿಗೆ ನಮಗೆ ಬಿಟ್ಟು ಹಾಲಲ್ಲಿ ಮಲಗಿದ್ರು, ಕಷಾಯಕ್ಕೆ ಕಾಳುಮೆಣಸು ಸ್ವಲ್ಪ ಜಾಸ್ತಿ ಹಾಕ್ತಾರೆ, ಬೆಲ್ಲ ಕೇಳಿದ್ರೆ ಕೊಡ್ತಾರೆ.